ಮಳೆಗಾಳಿಯಲ್ಲಿ ಹ್ಯಾವ್ಲಾಕ್: ಅಕ್ಕ-ತಮ್ಮ, ಅಣ್ಣ-ತಂಗಿಯರ ನಾಲ್ಕು ರಾತ್ರಿಯ ಅಂಡಮಾನ್ ಪ್ರವಾಸಕ್ಕೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ, ಅಲ್ಲಿಂದ ಫೆರ್ರಿಯಲ್ಲಿ ಹ್ಯಾವ್ಲಾಕ್‌ಗೆ ಒಂದೂವರೆಯಿಂದ ಎರಡೂವರೆ ಗಂಟೆ. ಹವಾಮಾನ ಕೆಟ್ಟರೆ ಈ ಎರಡನೆಯ ಭಾಗವೇ ಇಡೀ ಪ್ರವಾಸವನ್ನು ನಿರ್ಧರಿಸುತ್ತದೆ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಅದರ ಸುತ್ತಲೇ ಇವೆ. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದೂ, ಹ್ಯಾವ್ಲಾಕ್‌ಗೆ 2018ರಲ್ಲಿ ಸ್ವರಾಜ್ ದ್ವೀಪ ಎಂದೂ, ಅದರ ಪಕ್ಕದ ನೀಲ್ ದ್ವೀಪಕ್ಕೆ ಶಹೀದ್ ದ್ವೀಪ ಎಂದೂ ಹೆಸರು ಬದಲಾಗಿದೆ. ಟಿಕೆಟ್‌ಗಳಲ್ಲಿ ಹಳೆಯದೂ ಹೊಸದೂ ಎರಡೂ ಕಾಣುತ್ತವೆ. ಊರು ಅದೇ, ಗಾಬರಿ ಬೇಡ.

ಮಳೆಗಾಲ ಅಂದರೆ ಅಲ್ಲಿ ಯಾವಾಗ? ನಮ್ಮ ಮಲ್ಪೆಯ ಹಾಗೇನಾ?

ಅಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ಮುಂಗಾರಿನಲ್ಲಿ ಪೂರ್ತಿ ನಿಲ್ಲುತ್ತವೆ. ಅಂಡಮಾನ್ ಹಾಗೆ ಬಾಗಿಲು ಹಾಕುವುದಿಲ್ಲ. ಅಲ್ಲಿಗೆ ನೈಋತ್ಯ ಮುಂಗಾರು ಸಾಮಾನ್ಯವಾಗಿ ಮೇ ಮೂರನೇ ವಾರದ ಹೊತ್ತಿಗೇ, ಅಂದರೆ ಕೇರಳಕ್ಕಿಂತ ಮೊದಲೇ, ಮುಟ್ಟುತ್ತದೆ. ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಆಮೇಲೆ ಈಶಾನ್ಯದ ಹಿಂಗಾರು ಡಿಸೆಂಬರ್‌ವರೆಗೂ ಎಳೆಯುತ್ತದೆ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಜೂನ್-ಜುಲೈನಲ್ಲೂ ಫೆರ್ರಿ ಓಡುತ್ತದೆ, ಆದರೆ ಓಡಾಟ ಕಡಿಮೆ, ರದ್ದಾಗುವ ದಿನಗಳು ಹೆಚ್ಚು.

ಜನ ಮೋಸ ಹೋಗುವುದು ನವೆಂಬರ್-ಡಿಸೆಂಬರ್‌ನಲ್ಲಿ. ರಜೆಯ ಕಾಲ, ಸೀಸನ್ ಶುರು, ಇನ್ನು ಭಯವಿಲ್ಲ ಎಂದುಕೊಂಡು ಒಂದು ದಿನವೂ ಬಿಡುವಿಲ್ಲದಂತೆ ಯೋಜನೆ ಹಾಕಿರುತ್ತಾರೆ. ಬಂಗಾಳ ಕೊಲ್ಲಿಯ ಚಂಡಮಾರುತಗಳಿಗೆ ಏಪ್ರಿಲ್-ಮೇ ಒಂದು ಕಾಲವಾದರೆ, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು. 2016ರ ಡಿಸೆಂಬರ್‌ನಲ್ಲಿ, ಮುಂದೆ ವರ್ದಾ ಚಂಡಮಾರುತವಾಗಿ ಚೆನ್ನೈಗೆ ಹೊಡೆದ ವಾಯುಭಾರ ಕುಸಿತದಿಂದಾಗಿ ಹ್ಯಾವ್ಲಾಕ್-ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದರು. ಅವರನ್ನು ಕರೆತರಲು ನೌಕಾಪಡೆಯ ಹಡಗುಗಳು ಹೋಗಬೇಕಾಯಿತು.

ಮುನ್ಸೂಚನೆಯಲ್ಲಿ ನಾಲ್ಕು ದಿನವೂ ಮಳೆಯ ಚಿತ್ರವಿದೆ. ರದ್ದು ಮಾಡಬೇಕಾ?

ಫೋನಿನಲ್ಲಿ ಕಾಣುವ ಮೋಡದ ಚಿತ್ರ ನೋಡಿ ತೀರ್ಮಾನಿಸಬೇಡಿ. ಅಂಡಮಾನ್ ಮಳೆ ಬಹಳ ಸಲ ಅರ್ಧ ಗಂಟೆ ಬಿರುಸಾಗಿ ಹೊಡೆದು, ಮತ್ತೆ ಬಿಸಿಲಾಗುವ ಮಳೆ. ನೋಡಬೇಕಾದ್ದು ಗಾಳಿ ಮತ್ತು ಅಲೆ.

ಭಾರತೀಯ ಹವಾಮಾನ ಇಲಾಖೆಯ ಅಂಡಮಾನ್ ಬುಲೆಟಿನ್‌ನಲ್ಲಿ ಮೀನುಗಾರರಿಗೆ ಕೊಡುವ ಎಚ್ಚರಿಕೆಯ ಸಾಲು ಹುಡುಕಿ. “ಗಂಟೆಗೆ 45ರಿಂದ 55 ಕಿ.ಮೀ., ಆಗಾಗ 65 ಕಿ.ಮೀ. ವೇಗದ ಗಾಳಿ, ಸಮುದ್ರಕ್ಕೆ ಇಳಿಯಬೇಡಿ” ಎಂಬ ಅರ್ಥದ ಸಾಲಿದ್ದರೆ ಆ ದಿನ ಫೆರ್ರಿ ನಿಲ್ಲುವ ಸಾಧ್ಯತೆ ಹೆಚ್ಚು ಎಂದೇ ಲೆಕ್ಕ ಹಾಕಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಎಚ್ಚರಿಕೆಯನ್ನು ಬೇರೆಯಾಗಿ ಕೊಡುತ್ತದೆ, ಅದನ್ನೂ ನೋಡಿ. ಬುಲೆಟಿನ್‌ನಲ್ಲಿ ಬರುವ ಪದಗಳಿಗೆ ನಿಗದಿತ ಅರ್ಥವಿದೆ: ಗಾಳಿ 31ರಿಂದ 49 ಕಿ.ಮೀ. ಇದ್ದರೆ ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ, 62 ದಾಟಿದರೆ ಚಂಡಮಾರುತ.

ಇನ್ನೊಂದು ಮಾತು. ಒಡಿಶಾ, ಆಂಧ್ರ ಕರಾವಳಿಗೆ ಚಂಡಮಾರುತ ಬರುವುದು ನಾಲ್ಕೈದು ದಿನ ಮೊದಲೇ ಸುದ್ದಿಯಾಗುತ್ತದೆ. ಅಂಡಮಾನ್ ಸಮುದ್ರ ಹಲವು ಸಲ ಅವು ಹುಟ್ಟುವ ಜಾಗ. ಹಾಗಾಗಿ ಅಲ್ಲಿ ಸಿಗುವ ಮುನ್ಸೂಚನೆಯ ಸಮಯ ಕಡಿಮೆ. ಮನೆ ಹಾರಿಸುವ ಗಾಳಿ ಇಲ್ಲದಿದ್ದರೂ ಕಡಲು ಮಾತ್ರ ಎರಡು-ಮೂರು ದಿನ ದಾಟಲಾಗದಂತೆ ಕೆರಳಿರುತ್ತದೆ. ಕೆಂಪು ಎಚ್ಚರಿಕೆ ಇದ್ದರೆ ಪ್ರವಾಸ ಮುಂದಕ್ಕೆ ಹಾಕಿ. ಹಳದಿ ಇದ್ದರೆ ಕೆಳಗೆ ಹೇಳಿದ ಕ್ರಮದಲ್ಲಿ ಹೋಗಬಹುದು. ಕಿತ್ತಳೆ ಇದ್ದರೆ ಪೋರ್ಟ್ ಬ್ಲೇರ್‌ವರೆಗೆ ಹೋಗಿ ಅಲ್ಲೇ ಉಳಿಯಲು ಇಬ್ಬರಿಗೂ ಒಪ್ಪಿಗೆಯಿದ್ದರೆ ಮಾತ್ರ ಹೊರಡಿ.

ನಾಲ್ಕು ರಾತ್ರಿ ಇದೆ. ಹೇಗೆ ಹಂಚಿಕೊಳ್ಳಬೇಕು?

ಮೊದಲ ಮೂರು ರಾತ್ರಿ ಹ್ಯಾವ್ಲಾಕ್, ಕೊನೆಯ ರಾತ್ರಿ ಪೋರ್ಟ್ ಬ್ಲೇರ್. ಕಾರಣ ಸರಳ: ಹೋಗುವ ಫೆರ್ರಿ ತಪ್ಪಿದರೆ ಒಂದು ರಾತ್ರಿ ಹೋಗುತ್ತದೆ, ಬರುವ ಫೆರ್ರಿ ತಪ್ಪಿದರೆ ವಿಮಾನವೇ ಹೋಗುತ್ತದೆ. ಬಿಡುವು ಇರಬೇಕಾದ್ದು ಕೊನೆಯಲ್ಲಿ. ವಿಮಾನ ಮಧ್ಯಾಹ್ನವೇ ಇದ್ದರೂ ಅದೇ ಬೆಳಿಗ್ಗೆಯ ಫೆರ್ರಿ ನಂಬಬೇಡಿ.

ನೀಲ್ ದ್ವೀಪವನ್ನೂ ಸೇರಿಸಬೇಕು ಎಂದು ಇಬ್ಬರಲ್ಲಿ ಒಬ್ಬರು ಹಟ ಹಿಡಿದೇ ಹಿಡಿಯುತ್ತಾರೆ. ಒಳ್ಳೆಯ ಹವೆಯಲ್ಲಿ ಅದು ಚಂದದ ಯೋಜನೆ. ಕೆಟ್ಟ ಹವೆಯಲ್ಲಿ ಎರಡರ ಬದಲು ಮೂರು ಸಮುದ್ರಯಾನ, ಅಂದರೆ ರದ್ದಾಗಲು ಮೂರು ಅವಕಾಶ. ಬಿಟ್ಟುಬಿಡಿ.

ಹೋಗುವ ದಿನ ವಿಮಾನ ಇಳಿಯುವುದಕ್ಕೂ ಫೆರ್ರಿ ಹೊರಡುವುದಕ್ಕೂ ಕನಿಷ್ಠ ನಾಲ್ಕು ಗಂಟೆ ಅಂತರ ಇರಲಿ. ಜೆಟ್ಟಿ ವಿಮಾನ ನಿಲ್ದಾಣದಿಂದ ನಾಲ್ಕೈದು ಕಿ.ಮೀ. ಅಷ್ಟೇ, ಆದರೆ ಒಂದು ಗಂಟೆ ಮೊದಲೇ ಅಲ್ಲಿರಬೇಕು. ಸಾಮಾನು ತಪಾಸಣೆ ಇರುತ್ತದೆ. ಮೂಲ ಗುರುತಿನ ಚೀಟಿಯೂ ಬೇಕು. ಟಿಕೆಟ್ ಮೇಲೆ ಫೀನಿಕ್ಸ್ ಬೇ ಎಂದಿದೆಯೋ ಹಾಡ್ಡೋ ಎಂದಿದೆಯೋ ಓದಿಕೊಳ್ಳಿ. ಎರಡೂ ಬೇರೆ ಬೇರೆ ಜಾಗ; ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ ಆಟೊ ಇಳಿದು ಫೆರ್ರಿ ಬಿಟ್ಟವರಿದ್ದಾರೆ.

ಇನ್ನು ವಿಮಾನದ್ದೂ ಒಂದು ಅಪಾಯವಿದೆ. ಪೋರ್ಟ್ ಬ್ಲೇರ್‌ನಲ್ಲಿ ರನ್‌ವೇ ಒಂದೇ. ಗಾಳಿ-ಮಳೆ ಹೆಚ್ಚಾದರೆ ಇಳಿಯಲಾಗದೆ ಚೆನ್ನೈಗೋ ಕೋಲ್ಕತ್ತಕ್ಕೋ ತಿರುಗಬೇಕು, ಹತ್ತಿರದಲ್ಲಿ ಬೇರೆ ಪ್ರಯಾಣಿಕ ವಿಮಾನ ನಿಲ್ದಾಣವಿಲ್ಲ. ಬೆಳಗಿನ ಮೊದಲ ವಿಮಾನ ತೆಗೆದುಕೊಂಡರೆ ಅದೇ ದಿನ ಇನ್ನೊಂದು ಪ್ರಯತ್ನಕ್ಕೆ ಸಮಯ ಉಳಿಯುತ್ತದೆ.

ಖಾಸಗಿ ಕ್ಯಾಟಮರಾನ್ ಒಳ್ಳೆಯದಾ, ಸರ್ಕಾರಿ ಹಡಗಾ?

ಕ್ಯಾಟಮರಾನ್ ಹಗುರ, ಜೋಡಿ ಒಡಲಿನದು, ವೇಗ ಹೆಚ್ಚು. ಎದುರಲೆ ಬಂದರೆ ಎದ್ದು ಎದ್ದು ಬೀಳುತ್ತದೆ, ಎಸಿ ಕೋಣೆಯೊಳಗೆ ಮುಚ್ಚಿ ಕೂರಬೇಕು, ಹೊರಗೆ ಬಿಡುವುದಿಲ್ಲ. ಸರ್ಕಾರಿ ಹಡಗು ನಿಧಾನ, ಆದರೆ ಡೆಕ್ ಮೇಲೆ ನಿಂತು ಗಾಳಿ ತೆಗೆದುಕೊಳ್ಳಬಹುದು. ಹೊಟ್ಟೆ ತೊಳಸುವವರಿಗೆ ಇದು ದೊಡ್ಡ ವರ. ಖಾಸಗಿಯವು ನಿಂತ ದಿನವೂ ಕೆಲವೊಮ್ಮೆ ಸರ್ಕಾರಿ ಹಡಗು ಹೊರಡುತ್ತದೆ, ಆಗ ಅದರ ಟಿಕೆಟ್‌ಗೆ ಇಡೀ ದ್ವೀಪವೇ ಸಾಲು ನಿಂತಿರುತ್ತದೆ. ಬರುವ ದಿನಕ್ಕೆ ಬೆಳಗಿನ ಹೊತ್ತಿನ ಫೆರ್ರಿಯನ್ನೇ ಕಾಯ್ದಿರಿಸಿ. ಅದು ರದ್ದಾದರೆ ಮಧ್ಯಾಹ್ನದ್ದು ಉಳಿದಿರುತ್ತದೆ. ಹೆಲಿಕಾಪ್ಟರ್ ಇದೆಯಲ್ಲ ಎಂದು ಕೇಳುತ್ತಾರೆ. ಅದು ರೋಗಿಗಳಿಗೆ, ದ್ವೀಪದವರಿಗೆ ಮೊದಲ ಆದ್ಯತೆ ಕೊಡುವ ಸೇವೆ. ಕೆಟ್ಟ ಹವೆಯಲ್ಲಿ ಅದೂ ಹಾರುವುದಿಲ್ಲ.

ತಂಗಿಗೆ ಆಗುಂಬೆ ಘಾಟಿಯಲ್ಲೇ ವಾಂತಿ ಬರುತ್ತದೆ. ಫೆರ್ರಿಯಲ್ಲಿ ಏನು ಗತಿ?

ಮಾತ್ರೆ ವಾಂತಿ ಶುರುವಾದ ಮೇಲಲ್ಲ, ಮೊದಲೇ ತೆಗೆದುಕೊಳ್ಳಬೇಕು. ಪ್ರೊಮೆಥಜೀನ್ 25 ಮಿ.ಗ್ರಾಂ. ಮಾತ್ರೆಯನ್ನು ಸಾಮಾನ್ಯವಾಗಿ ಹೊರಡುವ ಒಂದೆರಡು ಗಂಟೆ ಮೊದಲು ಕೊಡುತ್ತಾರೆ. ಊರಿನಲ್ಲೇ ವೈದ್ಯರನ್ನು ಕೇಳಿ ತಂದುಕೊಳ್ಳಿ. ಗರ್ಭಿಣಿಯರು, ಬೇರೆ ಔಷಧಿಯಲ್ಲಿರುವವರು ಕೇಳದೆ ನುಂಗಬಾರದು. ಅದು ನಿದ್ದೆ ಬರಿಸುತ್ತದೆ, ಆದ್ದರಿಂದ ಇಳಿದ ಕೂಡಲೇ ಅವರ ಕೈಗೆ ಸ್ಕೂಟರ್ ಕೊಡಬೇಡಿ, ಆ ದಿನ ಡೈವಿಂಗ್ ಕೂಡ ಬೇಡ.

ಸೀಟು ಕೆಳಗಿನ ಅಂತಸ್ತಿನಲ್ಲಿ, ನಡುಭಾಗದಿಂದ ಸ್ವಲ್ಪ ಹಿಂದಕ್ಕೆ ಇರಲಿ. ಮೂತಿಯ ಕಡೆ ಏರಿಳಿತ ಅತಿ ಹೆಚ್ಚು. ನೋಟ ಚೆನ್ನಾಗಿದೆ ಎಂದು ಮುಂದಿನ ಸೀಟಿಗೆ ಹೆಚ್ಚು ದುಡ್ಡು ಕೊಡುವುದು ಒರಟು ಕಡಲಲ್ಲಿ ದುಡ್ಡು ಕೊಟ್ಟು ಸಂಕಟ ತಂದುಕೊಂಡಂತೆ. ಖಾಲಿ ಹೊಟ್ಟೆಯೂ ಬೇಡ, ಪೂರಿ-ವಡೆಯೂ ಬೇಡ; ಎರಡು ಇಡ್ಲಿ ಅಥವಾ ಒಣ ಬ್ರೆಡ್ ಸಾಕು. ಫೋನ್ ನೋಡಬಾರದು. ದೂರದ ದಿಗಂತ ನೋಡಬೇಕು, ಅದು ಕಾಣದಿದ್ದರೆ ಕಣ್ಣು ಮುಚ್ಚಿ ತಲೆ ಒರಗಿಸಬೇಕು. ಪಕ್ಕದಲ್ಲಿ ಕೂರುವ ಅಣ್ಣನ ಕೆಲಸ: ಎರಡು ಪ್ಲಾಸ್ಟಿಕ್ ಚೀಲ, ನೀರಿನ ಬಾಟಲಿ, ಒದ್ದೆ ಕರವಸ್ತ್ರ ಕೈಗೆ ಸಿಗುವಂತೆ ಇಟ್ಟುಕೊಳ್ಳುವುದು ಮತ್ತು “ಏನಾಯ್ತೇ, ಏನಾಯ್ತೇ” ಎಂದು ಐದು ನಿಮಿಷಕ್ಕೊಮ್ಮೆ ಕೇಳದಿರುವುದು.

ಬೀಚ್‌ನಲ್ಲಿ ಈಜಬಹುದಾ?

ಯಾವ ಗಾಳಿಗೆ ಯಾವ ಕಡೆಯ ಬೀಚ್ ಎಂದು ತಿಳಿದರೆ ಹೆಚ್ಚಿನ ದಿನ ಎಲ್ಲಾದರೂ ಒಂದು ಕಡೆ ನೀರು ಶಾಂತವಾಗಿರುತ್ತದೆ. ರಾಧಾನಗರ ಬೀಚ್ ದ್ವೀಪದ ಪಶ್ಚಿಮಕ್ಕಿದೆ. ನೈಋತ್ಯ ಮುಂಗಾರಿನ ಅಲೆ ನೇರ ಅಲ್ಲಿಗೇ ಬಡಿಯುತ್ತದೆ. ಆ ತಿಂಗಳುಗಳಲ್ಲಿ ಪೂರ್ವದ ವಿಜಯನಗರ, ಗೋವಿಂದನಗರ ಕಡೆ ನೀರು ಸಮಾಧಾನವಾಗಿರುತ್ತದೆ. ನವೆಂಬರ್-ಡಿಸೆಂಬರ್‌ನ ಈಶಾನ್ಯ ಗಾಳಿಗೆ ಇದು ಉಲ್ಟಾ: ಪೂರ್ವದ ಕಾಲಾಪತ್ಥರ್, ವಿಜಯನಗರ ಕಲಕಿರುತ್ತವೆ, ರಾಧಾನಗರ ತಣ್ಣಗಿರುತ್ತದೆ. ಕೋಣೆ ಕಾಯ್ದಿರಿಸುವಾಗಲೇ ಇದನ್ನು ಗಮನಿಸಿ. ಪೂರ್ವದ ಬೀಚ್‌ಗಳಲ್ಲಿ ಇಳಿತದ ಹೊತ್ತು ನೀರು ಹಿಂದೆ ಸರಿದು ಬಂಡೆ, ಹವಳದ ಚೂರು ತೆರೆದುಕೊಳ್ಳುತ್ತದೆ, ಈಜಲು ನೀರೇ ಇರುವುದಿಲ್ಲ. ಅಂದಿನ ಉಬ್ಬರದ ಸಮಯವನ್ನು ಹೋಟೆಲಿನಲ್ಲಿ ಕೇಳಿ, ಕಾಲಿಗೆ ಚಪ್ಪಲಿ ಇರಲಿ.

ರಾಧಾನಗರದಲ್ಲಿ ಜೀವರಕ್ಷಕರು ಕೆಂಪು ಬಾವುಟ ಹಾಕಿದ್ದರೆ ಮೊಣಕಾಲ ಮಟ್ಟದ ನೀರಿಗೂ ಇಳಿಯಬೇಡಿ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ಎದುರೀಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದ ಪಟ್ಟಿಯಿಂದ ಹೊರಬನ್ನಿ, ಆಗದಿದ್ದರೆ ಅಂಗಾತ ತೇಲಿ ಕೈ ಎತ್ತಿ.

ಒಡಹುಟ್ಟಿದವರಿಗೆ ಇದನ್ನು ಒತ್ತಿ ಹೇಳಲೇಬೇಕು. ಒಬ್ಬರು ಮುಳುಗುವುದನ್ನು ಕಂಡು ಇನ್ನೊಬ್ಬರು ಹಿಂದುಮುಂದು ನೋಡದೆ ಹಾರಿ, ಇಬ್ಬರೂ ಹೋಗುವ ಸುದ್ದಿಯನ್ನು ನಮ್ಮ ಕೆರೆ-ಹೊಳೆಗಳ ಬದಿಯಿಂದ ಪ್ರತಿ ಬೇಸಿಗೆ ಓದುತ್ತೇವೆ. ಹಾರಬೇಡಿ. ಕೂಗಿ ಜೀವರಕ್ಷಕರನ್ನು ಕರೆಯಿರಿ, ತೇಲುವ ಏನನ್ನಾದರೂ ಎಸೆಯಿರಿ: ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್, ಗಾಳಿ ತುಂಬಿ ಕಟ್ಟಿದ ಡ್ರೈ ಬ್ಯಾಗ್ (ನೀರು ಒಳಹೋಗದ ಚೀಲ). ಕಣ್ಣು ಮಾತ್ರ ಅವರ ಮೇಲಿಂದ ತೆಗೆಯಬೇಡಿ, ಅಲೆಗಳ ನಡುವೆ ತಲೆ ಒಮ್ಮೆ ಮರೆಯಾದರೆ ಮತ್ತೆ ಹುಡುಕುವುದು ಕಷ್ಟ.

ಮೊಸಳೆಯ ಮಾತು ಸುಳ್ಳಲ್ಲ. ಉಪ್ಪುನೀರಿನ ಮೊಸಳೆಗಳು ಅಂಡಮಾನ್‌ನ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳಲ್ಲಿವೆ. 2010ರಲ್ಲಿ ರಾಧಾನಗರದ ಪಕ್ಕದಲ್ಲೇ ಒಬ್ಬ ಪ್ರವಾಸಿ ಸತ್ತಿದ್ದಾರೆ. ತೊರೆ ಕಡಲಿಗೆ ಸೇರುವ ಜಾಗ, ಎಚ್ಚರಿಕೆಯ ಫಲಕ ಇರುವ ಜಾಗ, ಮುಸ್ಸಂಜೆಯ ನೀರು, ಮೂರನ್ನೂ ಬಿಡಿ.

ಮಳೆಯಲ್ಲಿ ಸ್ಕೂಬಾ ಡೈವಿಂಗ್ ಮಾಡಿಸುತ್ತಾರಾ?

ಮೇಲೆ ಮಳೆ ಬರುವುದರಿಂದ ಕೆಳಗೇನೂ ತೊಂದರೆಯಿಲ್ಲ. ಅಲೆ ಎದ್ದು ಮರಳು ಕಲಕಿ ನೋಟ ಮಸುಕಾಗುವುದು, ದೋಣಿ ಹತ್ತಿ ಇಳಿಯುವುದು ಕಷ್ಟವಾಗುವುದು, ಗುಡುಗು-ಮಿಂಚು: ನಿಲ್ಲಿಸುವುದು ಈ ಕಾರಣಗಳಿಗೆ. ಮೊದಲ ಸಲದವರನ್ನು ಗರಿಷ್ಠ 12 ಮೀಟರ್‌ವರೆಗೆ ಮಾತ್ರ ಇಳಿಸುತ್ತಾರೆ. ಹಣ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ಹವೆಯಿಂದ ರದ್ದಾದರೆ ಹಣ ವಾಪಸೋ, ಬರೀ ದಿನ ಬದಲೋ?

ಮಳೆಯಲ್ಲಿ ನೆನೆದು ನೆಗಡಿಯಾದವರು ಇಳಿಯಬಾರದು. ಮೂಗು ಕಟ್ಟಿದ್ದರೆ ಕಿವಿಯೊಳಗಿನ ಒತ್ತಡ ಸರಿತೂಗುವುದಿಲ್ಲ, ತಮಟೆಗೇ ಪೆಟ್ಟಾಗಬಹುದು. ಮೂಗಿನ ಹನಿ ಹಾಕಿಕೊಂಡು ಇಳಿಯುವುದು ಇನ್ನೂ ಕೆಟ್ಟದ್ದು, ನೀರಿನೊಳಗೇ ಅದರ ಪರಿಣಾಮ ಮುಗಿದರೆ ಮೇಲೆ ಬರುವಾಗ ಗಾಳಿ ಸಿಕ್ಕಿಕೊಳ್ಳುತ್ತದೆ. ಅಕ್ಕನಿಗೆ ನೆಗಡಿ, ತಮ್ಮನಿಗಿಲ್ಲ ಎಂದಾದರೆ ತಮ್ಮ ಒಬ್ಬನೇ ಹೋಗಿ ಬರಲಿ. “ಇಬ್ಬರೂ ಇಲ್ಲವೇ ಯಾರೂ ಇಲ್ಲ” ಎಂಬ ಪ್ರೀತಿಯ ಒತ್ತಾಯ ಇಲ್ಲಿ ಅಪಾಯಕಾರಿ, ಯಾಕೆಂದರೆ ನೆಗಡಿಯವರು ಅದಿಲ್ಲವೆಂದು ಸುಳ್ಳು ಹೇಳಿ ಇಳಿಯುತ್ತಾರೆ.

ಡೈವ್ ಆದ ಮೇಲೆ ವಿಮಾನ ಹತ್ತಲು ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಿದ್ದರೆ 18 ಗಂಟೆ ಕಾಯಬೇಕು. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ ಕಳೆದರೆ ಈ ಲೆಕ್ಕ ಸಾಮಾನ್ಯವಾಗಿ ತಾನೇ ಕೂಡಿಬರುತ್ತದೆ.

ಇಡೀ ದಿನ ಸುರಿದರೆ ಏನು ಮಾಡುವುದು?

ಹ್ಯಾವ್ಲಾಕ್‌ನಲ್ಲಿ ಸೂರು ಇರುವ ಆಕರ್ಷಣೆ ಬಹಳ ಇಲ್ಲ, ಇದನ್ನು ಒಪ್ಪಿಕೊಂಡೇ ಹೋಗಿ. ಇಸ್ಪೀಟು, ಚೌಕಾಬಾರದ ಕವಡೆ, ಎರಡು ಪುಸ್ತಕ ಚೀಲದಲ್ಲಿರಲಿ. ಮಳೆ ಬಿಟ್ಟ ಗಳಿಗೆಯನ್ನು ಹಿಡಿಯುವುದೇ ಇಲ್ಲಿನ ಜಾಣತನ: ಬೆಳಕು ಬೆಳಿಗ್ಗೆ ಐದರ ಆಸುಪಾಸಿಗೇ ಬರುತ್ತದೆ, ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಬೆಂಗಳೂರಿನ ಗಡಿಯಾರದಲ್ಲಿ ಒಂಬತ್ತಕ್ಕೆ ಎದ್ದರೆ ಅರ್ಧ ಹಗಲು ಕಳೆದಿರುತ್ತದೆ. ಕಾಂಡ್ಲಾ ನಡುವೆ ಕಯಾಕ್ ಹೊಡೆಯಲು ಜಿಟಿಜಿಟಿ ಮಳೆ ಅಡ್ಡಿಯಲ್ಲ, ಆದರೆ ಗೊತ್ತಿರುವ ಮಾರ್ಗದರ್ಶಿಯ ಜತೆಗೇ ಹೋಗಿ. ಮಿಂಚು ಕಂಡು 30 ಸೆಕೆಂಡ್‌ನೊಳಗೆ ಗುಡುಗು ಕೇಳಿದರೆ ತಕ್ಷಣ ನೀರಿನಿಂದ, ಬಯಲು ಬೀಚಿನಿಂದ ಹೊರಬನ್ನಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ.

ಪೋರ್ಟ್ ಬ್ಲೇರ್‌ನಲ್ಲಿ ಸಿಕ್ಕಿಕೊಂಡರೆ ಸೆಲ್ಯುಲರ್ ಜೈಲಿಗೆ ಅರ್ಧ ದಿನ ಕೊಡಿ. 1896ರಿಂದ 1906ರವರೆಗೆ ಕಟ್ಟಿದ, ಏಳು ರೆಕ್ಕೆಗಳಿದ್ದ ಕಟ್ಟಡದಲ್ಲಿ ಈಗ ಮೂರು ಉಳಿದಿವೆ. ಉದ್ದದ ಮೊಗಸಾಲೆಗಳಿಗೆ ಸೂರಿದೆ. ಸಂಜೆಯ ಧ್ವನಿ-ಬೆಳಕು ಪ್ರದರ್ಶನ ಬಯಲಿನಲ್ಲಿ ನಡೆಯುವುದು, ಮಳೆ ಬಂದರೆ ಅದನ್ನು ನೆಚ್ಚಬೇಡಿ.

ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳಬಹುದಾ?

ಜೆಟ್ಟಿಯಿಂದ ರಾಧಾನಗರಕ್ಕೆ ಸುಮಾರು 12 ಕಿ.ಮೀ., ಕಾಡಿನ ನಡುವೆ ಏರಿಳಿತದ ರಸ್ತೆ. ಒದ್ದೆ ಎಲೆ, ಬಿದ್ದ ಕೊಂಬೆ, ಬೇಗ ಕವಿಯುವ ಕತ್ತಲು. ಜೋರು ಮಳೆಯ ದಿನ ಆಟೊ ಮಾಡಿ, ಹೋಗಿ ಬರಲು ಒಟ್ಟಿಗೇ ಮಾತಾಡಿಕೊಳ್ಳಿ. ಸ್ಕೂಟರೇ ಬೇಕಾದರೆ ಬ್ರೇಕ್, ಟೈರ್ ನೋಡಿ, ಮೊದಲೇ ಇರುವ ಗೀರುಗಳ ಫೋಟೊ ತೆಗೆದಿಟ್ಟುಕೊಳ್ಳಿ, ಎರಡು ಹೆಲ್ಮೆಟ್ ಕೇಳಿ ಪಡೆಯಿರಿ.

ಚೀಲದಲ್ಲಿ ಏನೇನು?

ಕೊಡೆ ಬೇಡ, ಕಡಲ ಗಾಳಿಗೆ ತಿರುಗಿಬೀಳುತ್ತದೆ. ತಲೆಯ ಮೇಲಿಂದ ಹಾಕುವ ರೈನ್‌ಕೋಟ್ ತಲಾ ಒಂದು. ಈಜುಡುಗೆ ತಲಾ ಎರಡು ಜೊತೆ, ಏಕೆಂದರೆ ಮಳೆಗಾಲದಲ್ಲಿ ಅಲ್ಲಿ ಬಟ್ಟೆ ರಾತ್ರಿ ಕಳೆದರೂ ಒಣಗುವುದಿಲ್ಲ. ಕಾಟನ್ ಟವೆಲ್ ಬಿಟ್ಟು ತೆಳ್ಳನೆಯ ಪಂಚೆ ಒಯ್ಯಿರಿ, ಬೇಗ ಒಣಗುತ್ತದೆ. ಬಟ್ಟೆ ಹರವಲು ಐದು ಮೀಟರ್ ನೈಲಾನ್ ಹಗ್ಗ, ಆರು ಕ್ಲಿಪ್. ಫೋನ್-ದುಡ್ಡಿಗೆ 10 ಲೀಟರ್ ಡ್ರೈ ಬ್ಯಾಗ್ ಒಂದು. ಟಾರ್ಚ್. ಪವರ್ ಬ್ಯಾಂಕ್, ಅದನ್ನು ವಿಮಾನದಲ್ಲಿ ಕೈಚೀಲದಲ್ಲೇ ಇಡಬೇಕು. ಓಆರ್‌ಎಸ್ ನಾಲ್ಕು ಪೊಟ್ಟಣ, ಜ್ವರದ ಮಾತ್ರೆ, ಗಾಯಕ್ಕೆ ಮುಲಾಮು. ನಿತ್ಯ ಔಷಧಿ ಇರುವವರು ಎರಡು ದಿನದ್ದು ಹೆಚ್ಚಿಗೆ ಇಟ್ಟುಕೊಳ್ಳಿ. ದ್ವೀಪದಲ್ಲಿ ಸರ್ಕಾರಿ ಆರೋಗ್ಯ ಕೇಂದ್ರವಿದೆ, ದೊಡ್ಡ ಚಿಕಿತ್ಸೆಗೆ ಪೋರ್ಟ್ ಬ್ಲೇರ್‌ಗೇ ಬರಬೇಕು. ಮರಳು ನೊಣ ಕಚ್ಚಿದ್ದು ಮರುದಿನ ಗೊತ್ತಾಗುತ್ತದೆ, ಕೆರೆದರೆ ವಾರಗಟ್ಟಲೆ ಹುಣ್ಣು. ಬೀಚಿಗೆ ಇಳಿಯುವ ಮುನ್ನ ಕಾಲಿಗೆ ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿ.

ನಗದು ಮರೆಯಬೇಡಿ. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಇಂಟರ್ನೆಟ್ ಬಹಳ ಸುಧಾರಿಸಿದೆ, ಆದರೂ ಗಾಳಿ-ಮಳೆಗೆ ಕರೆಂಟ್ ಹೋದಾಗ ಯುಪಿಐ, ಎಟಿಎಂ ಎರಡೂ ಕೈಕೊಡುತ್ತವೆ. ಇಬ್ಬರಿಗೆ ಸೇರಿ ಹತ್ತು ಸಾವಿರ, ಅರ್ಧರ್ಧ ಇಬ್ಬರ ಚೀಲದಲ್ಲೂ.

ಅಣ್ಣ-ತಂಗಿ ಒಂದೇ ಕೋಣೆ ಕೇಳಿದರೆ ಹೋಟೆಲಿನಲ್ಲಿ ತಕರಾರು ಇದೆಯಾ?

ಇಬ್ಬರ ಮೂಲ ಆಧಾರ್ ಇದ್ದರೆ ಸಾಮಾನ್ಯವಾಗಿ ಇಲ್ಲ. ತಂದೆಯ ಹೆಸರೋ ವಿಳಾಸವೋ ಬೇರೆಯಾಗಿದ್ದರೆ, ಮದುವೆಯಾದ ಅಕ್ಕನದು ಹಾಗೇ ಇರುತ್ತದೆ, ಕಾಯ್ದಿರಿಸುವಾಗಲೇ ಒಂದು ಮಾತು ತಿಳಿಸಿ ಮತ್ತು ಎರಡು ಬೇರೆ ಬೇರೆ ಮಂಚ ಬೇಕೆಂದು ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಿ. ಕಡಲಿಗೆ ಹತ್ತಿರದ ಬಿದಿರಿನ ಗುಡಿಸಲು ಚಿತ್ರದಲ್ಲಿ ಚಂದ. ಜಡಿಮಳೆಗೆ ಗಟ್ಟಿ ಗೋಡೆ, ಜನರೇಟರ್, ಅಲ್ಲೇ ಅಡುಗೆಮನೆ ಇರುವ ಜಾಗ ನೋಡಿ. ಅಮೆರಿಕದಿಂದಲೋ ಲಂಡನ್‌ನಿಂದಲೋ ಬಂದ ತಮ್ಮನ ಬಳಿ ವಿದೇಶಿ ಪಾಸ್‌ಪೋರ್ಟ್ ಇದ್ದರೆ ಅದರ ಮೂಲ ಪ್ರತಿ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಎರಡೂ ಬೇಕು; ವಿದೇಶಿಯರ ನೋಂದಣಿಯ ನಿಯಮವನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.

ಹೊರಡುವ ಮೊದಲು ಇಬ್ಬರೂ ಏನು ಮಾತಾಡಿಕೊಳ್ಳಬೇಕು?

ಮೂರು ವಿಷಯ. ಫೆರ್ರಿ ನಿಂತೀತು ಎಂಬ ಸೂಚನೆ ಬಂದರೆ ಒಂದು ದಿನ ಮೊದಲೇ ವಾಪಸ್ ಬರುವುದಾ, ಕಾದು ನೋಡುವುದಾ? ಇದನ್ನು ಜೆಟ್ಟಿಯಲ್ಲಿ ಮಳೆಯಲ್ಲಿ ನಿಂತು ಚರ್ಚಿಸಿದರೆ ಜಗಳವೇ. “ಮರಳಬೇಕು” ಎಂದು ಯಾರೊಬ್ಬರು ಹೇಳಿದರೂ ಮರಳುವುದು ಎಂದು ಮನೆಯಲ್ಲೇ ಒಪ್ಪಿಕೊಳ್ಳಿ. ಎರಡನೆಯದು, ಹೆಚ್ಚುವರಿ ರಾತ್ರಿ ಬಿದ್ದರೆ ಖರ್ಚು ಯಾರದು. ಸಂಬಳ ಬರುವ ಅಣ್ಣ, ಓದುತ್ತಿರುವ ತಂಗಿ ಇದ್ದರೆ ಸಮಪಾಲು ನ್ಯಾಯವಲ್ಲ. ಮೂರನೆಯದು, ಅಪ್ಪ-ಅಮ್ಮನಿಗೆ ಫೋನ್. ಟಿವಿಯಲ್ಲಿ “ಅಂಡಮಾನ್ ಬಳಿ ವಾಯುಭಾರ ಕುಸಿತ” ಎಂದು ಓಡಿದ ಕೂಡಲೇ ಅಮ್ಮ ಊಟ ಬಿಡುತ್ತಾರೆ. ದಿನಕ್ಕೊಂದು ನಿಗದಿತ ಹೊತ್ತು ಹೇಳಿ, ಸಿಗ್ನಲ್ ಹೋಗಬಹುದು ಎಂದೂ ಮೊದಲೇ ತಿಳಿಸಿ, ಹೋಟೆಲಿನ ನಂಬರ್ ಕೊಟ್ಟು ಹೋಗಿ.

ಫೆರ್ರಿ ರದ್ದಾಯಿತು, ನಾಳೆ ವಿಮಾನ. ಈಗ?

ಮೊದಲು ಕೋಣೆಯನ್ನು ಇನ್ನೊಂದು ರಾತ್ರಿಗೆ ಹಿಡಿದುಕೊಳ್ಳಿ, ಅರ್ಧ ಗಂಟೆಯಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ. ಆಮೇಲೆ ಇಬ್ಬರೂ ಕೆಲಸ ಹಂಚಿಕೊಳ್ಳಿ. ಒಬ್ಬರು ವಿಮಾನದ ಟಿಕೆಟ್ ಮತ್ತು ಇಬ್ಬರ ಮೂಲ ಗುರುತಿನ ಚೀಟಿ ಹಿಡಿದು ಜೆಟ್ಟಿಯ ಸರ್ಕಾರಿ ಕೌಂಟರ್‌ನಲ್ಲಿ ಸಾಲು ನಿಲ್ಲಿ. ಇನ್ನೊಬ್ಬರು ಸಿಗ್ನಲ್ ಇರುವ ಕಡೆ ಕೂತು ವಿಮಾನ ಕಂಪನಿಗೆ ಫೋನ್ ಮಾಡಿ, ಹೊರಡುವ ಸಮಯಕ್ಕೆ ಮೊದಲೇ ದಿನ ಬದಲಿಸಿ. ವಿಮಾನ ಹಾರಿ ನೀವು ಹತ್ತದಿದ್ದರೆ ಸಾಮಾನ್ಯವಾಗಿ ಮೂಲ ದರ ಹೋಗುತ್ತದೆ, ವಿಮಾನ ನಿಲ್ದಾಣದ ಶುಲ್ಕ-ತೆರಿಗೆಗಳನ್ನು ಮಾತ್ರ ಕೇಳಿ ಪಡೆಯಬಹುದು. ವಿಮಾನವೇ ರದ್ದಾದರೆ ಪೂರ್ತಿ ಹಣ ಅಥವಾ ಬದಲಿ ವಿಮಾನ ನಿಮ್ಮ ಹಕ್ಕು, ಆದರೆ ಹವಾಮಾನ ಕಾರಣವಾದಾಗ ಅದರ ಮೇಲೆ ಪರಿಹಾರ ಸಿಗುವುದಿಲ್ಲ. ಫೆರ್ರಿ ರದ್ದಾದ ಸಂದೇಶವನ್ನು ಅಳಿಸಬೇಡಿ, ವಿಮೆ ಕೇಳಲು ಅದೇ ಆಧಾರ. ವಿಮೆಯನ್ನಂತೂ ಟಿಕೆಟ್ ಜತೆಗೇ ಮಾಡಿಸಿ, ಬಿರುಗಾಳಿ ಸುದ್ದಿಯಾದ ಮೇಲೆ ಮಾಡಿಸಿದ ವಿಮೆ ಆ ಬಿರುಗಾಳಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಖಾಸಗಿ ದೋಣಿಯವರು ಯಾರಾದರೂ “ನಾವು ದಾಟಿಸುತ್ತೇವೆ” ಎಂದು ಬಂದರೆ ಹೋಗಬೇಡಿ. ಬಂದರಿನವರು ಹಡಗನ್ನೇ ತಡೆದಿರುವ ಕಡಲು ಅದು.

ಬಿರುಗಾಳಿ ಕಳೆದ ಬೆಳಿಗ್ಗೆ ಬೀಚಿನ ತುಂಬ ಚಿಪ್ಪು, ಹವಳ ಬಿದ್ದಿರುತ್ತವೆ. ತರಬಹುದಾ?

ತರಬಾರದು. ಹವಳಗಳಿಗೂ ಹಲವು ಬಗೆಯ ಚಿಪ್ಪುಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಸತ್ತ ತುಂಡಾದರೂ ಸರಿ. ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುವಾಗ ಸಿಕ್ಕಿಬೀಳುತ್ತದೆ. ಅಂಗಡಿಯಲ್ಲಿ ಕೊಂಡ ಚಿಪ್ಪಿನ ಸಾಮಾನಿಗೆ ರಸೀದಿ ಕೇಳಿ ಪಡೆದು, ಇಳಿಯುವವರೆಗೂ ಚೀಲದಲ್ಲೇ ಇಟ್ಟುಕೊಳ್ಳಿ.